ಹೆಬ್ಬೆಟ್ಟು ಹಿಡಿಯುವ ಅಕ್ತರಬೀ

ಬೀದರಿನ ಚೌಬಾರದ ಹಿಂದಿನ ಗಲ್ಲಿಯಲ್ಲಿದ್ದ ಅಕ್ತರಬೀಯ ಬಲಗೈಯ ಮೂರು ಬೆರಳುಗಳು ಸದಾ ಕಪ್ಪಾಗಿರುತ್ತಿದ್ದವು. ಬೂದಿ ಹಚ್ಚಿ ತಿಕ್ಕಿದರೂ ಸೀಮೆಎಣ್ಣೆಯಲ್ಲಿ ಅದ್ದಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಹೊಸದಾಗಿ ನೋಡಿದವರು ಅವಳು ಬಟ್ಟೆಗೆ ಬಣ್ಣ ಹಾಕುವವರ ಮನೆಯವಳಿರಬೇಕು ಎಂದುಕೊಳ್ಳುತ್ತಿದ್ದರು. ಅದು ಅಚ್ಚಿನ ಮಸಿ. ರಜಿಸ್ಟ್ರಿ ಕಚೇರಿಯಲ್ಲಿ ಹೆಂಗಸರ ಹೆಬ್ಬೆಟ್ಟು ಹಿಡಿದು ಕಾಗದದ ಮೇಲೆ ಒತ್ತಿಸುವುದು ಅವಳ ನೌಕರಿ.

ಹೊಲವನ್ನೋ ಮನೆಯನ್ನೋ ಒಬ್ಬರಿಂದ ಇನ್ನೊಬ್ಬರಿಗೆ ಬರೆದುಕೊಡುವಾಗ ಗಂಡಸರು ಮೇಜಿನ ಮುಂದೆ ನಿಂತು ಕೈ ಚಾಚುತ್ತಿದ್ದರು. ಜವಾನ ಬೆರಳು ಹಿಡಿದು ಒತ್ತಿಸುತ್ತಿದ್ದ. ಗೋಷಾದ ಹೆಂಗಸರು, ದೊಡ್ಡ ಮನೆತನದ ಲಿಂಗಾಯತ ಹೆಣ್ಣುಮಕ್ಕಳು ಹಾಗೆ ಬರುವಂತಿರಲಿಲ್ಲ. ಅವರು ಪರದೆಯ ಹಿಂದೆ ಕೂತು ಸಂದಿಯಿಂದ ಕೈ ಮಾತ್ರ ಹೊರಗೆ ಚಾಚುತ್ತಿದ್ದರು. ಆ ಕೈ ಯಾರದ್ದು ಎಂಬ ತಂಟೆ ಪದೇಪದೇ ಏಳುತ್ತಿದ್ದುದರಿಂದ ಪರದೆಯ ಒಳಗೆ ಕೂರುವುದಕ್ಕೆ ಒಬ್ಬ ಹೆಂಗಸು ಬೇಕಾಯಿತು. ಅಕ್ತರಬೀಯ ಗಂಡ ಯುನುಸ ಅದೇ ಕಚೇರಿಯ ಜವಾನನಾಗಿದ್ದವನು. ಊರಿಗೆ ಊರನ್ನೇ ಮಲಗಿಸಿದ ಆ ವರ್ಷದ ದೊಡ್ಡ ಜ್ವರದಲ್ಲಿ ಅವನು ಹೋದ. ಮರುವರ್ಷ, ಸರ್ಕಾರಿ ಲೆಕ್ಕದ ಸಾವಿರದ ಮುನ್ನೂರ ಇಪ್ಪತ್ತೊಂಬತ್ತನೆಯ ಫಸಲಿ ವರ್ಷದಲ್ಲಿ, ಆಗಿನ ಸಾಹೇಬರು ಅವಳನ್ನು ಕರೆದು ಈ ಕೆಲಸಕ್ಕೆ ಹಾಕಿದರು. ಅವಳಿಗಾಗ ಮೂವತ್ತು ವರ್ಷ. ಮಗಳು ಶಮೀಮ ಇನ್ನೂ ಚಿಕ್ಕವಳು.

ಕೆಲಸ ಕಷ್ಟದ್ದೇನಲ್ಲ. ತಗಡಿನ ಮೇಲೆ ಮಸಿಯನ್ನು ತೆಳ್ಳಗೆ ಹರಡಬೇಕು, ಎಡಗೈ ಹೆಬ್ಬೆರಳನ್ನು ಅದರ ಮೇಲೆ ಒಮ್ಮೆ ಹೊರಳಿಸಬೇಕು, ಆಮೇಲೆ ಕಾಗದದ ಮೇಲೆ ಇನ್ನೊಮ್ಮೆ. ದಣಿವು ಬರುತ್ತಿದ್ದುದು ಓಡಾಟದಿಂದ. ವರ್ಷಕ್ಕೆ ಎರಡು ಮೂರು ಸಲ ಸಾಹೇಬರು ಭಾಲ್ಕಿಗೆ, ಔರಾದಿಗೆ ದೌರಾ ಹೋಗುತ್ತಿದ್ದರು. ಅವರ ಹಿಂದೆ ವಹಿಗಳನ್ನು ಹೇರಿದ ಬಂಡಿಯಲ್ಲಿ ಅಕ್ತರಬೀಯೂ ಹೋಗಬೇಕು. ಔರಾದಿನ ಹಾದಿಯಲ್ಲಿ ಮಾಂಜ್ರಾ ಹೊಳೆ ದಾಟಿ, ಕಲ್ಲುದಾರಿಯಲ್ಲಿ ಕುಲುಕಿಸಿಕೊಂಡು ಊರು ಮುಟ್ಟುವ ಹೊತ್ತಿಗೆ ಅವಳ ಸೊಂಟ ಅವಳದಾಗಿ ಉಳಿದಿರುತ್ತಿರಲಿಲ್ಲ.

ಇನ್ನೊಂದು ದಣಿವು ಹೆಂಗಸರ ಪ್ರಶ್ನೆಗಳದ್ದು. ಬೆರಳು ಹಿಡಿದ ಕೂಡಲೇ ಅವರು ಕೇಳಲು ಶುರುಮಾಡುತ್ತಿದ್ದರು. ಇದನ್ನು ಒತ್ತಿದರೆ ಆಯುಷ್ಯ ಕಡಿಮೆಯಾಗುತ್ತದೆಯೇ? ಕಾಗದ ಹೈದರಾಬಾದಿಗೆ ಹೋದರೆ ನನ್ನ ಅದೃಷ್ಟವೂ ಅದರ ಜೊತೆ ಹೋಗುತ್ತದೆಯೇ? ಬಸುರಿಯರು ಬೆರಳು ಕೊಡುತ್ತಲೇ ಇರಲಿಲ್ಲ. ಒಬ್ಬ ಮುದುಕಿ ಕಪ್ಪು ಮಸಿ ಅಪಶಕುನ, ಕುಂಕುಮದಲ್ಲಿ ಒತ್ತುತ್ತೇನೆ ಎಂದು ಹಟ ಹಿಡಿದು ಅರ್ಧ ದಿನ ಕೂತಳು. ಎಲ್ಲರೂ ಕಡೆಗೆ ಕೇಳುತ್ತಿದ್ದುದು ಒಂದೇ ಮಾತು, ನನ್ನ ಬೆರಳಿನಲ್ಲಿ ಏನು ಬರೆದಿದೆ ಎಂದು. ಏನೂ ಬರೆದಿಲ್ಲ, ಇದು ಬರೀ ಚರ್ಮ ಎಂದು ಅಕ್ತರಬೀ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು.

ಒಂದು ಸಲ ಮಾತ್ರ ಹಾಗೆ ಹೇಳಲಿಲ್ಲ. ಔರಾದಿನಲ್ಲಿ ಬಟ್ಟೆ ಅಂಗಡಿಯವರ ಸೊಸೆ, ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿಲ್ಲದವಳು, ಬೆರಳು ಕೊಟ್ಟು ಕೈ ಬಿಡಿಸಿಕೊಳ್ಳದೆ ಕೂತಳು. ಅಕ್ತರಬೀ ಆ ದಿನ ಮಳೆಯಲ್ಲಿ ನೆನೆದು ಬಂದಿದ್ದಳು, ಮೈ ಬಿಸಿಯಾಗಿತ್ತು, ಒಮ್ಮೆ ಮಲಗಿದರೆ ಸಾಕಿತ್ತು. "ಆಗ್ತದ ಹೋಗವ್ವ, ಬರೂ ಮಳಿಗಾಲಕ್ಕ ತೊಟ್ಟಲಾ ಕಟ್ಟು" ಎಂದುಬಿಟ್ಟಳು. ಮುಂದಿನ ಮಳೆಗಾಲಕ್ಕೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಅಲ್ಲಿಂದ ಮುಂದೆ ಅವಳು ಇಲ್ಲವೆಂದರೂ ಯಾರೂ ನಂಬಲಿಲ್ಲ. ಬೀದರಿನಲ್ಲಿ ಶುಕ್ರವಾರ ಮಧ್ಯಾಹ್ನವಾದರೆ ನಾಲ್ಕಾರು ಹೆಂಗಸರು ಅವಳ ಮನೆಯ ಹೊಸ್ತಿಲ ಮುಂದೆ ಹೆಬ್ಬೆರಳು ತೊಳೆದುಕೊಂಡು ಕೂತಿರುತ್ತಿದ್ದರು.

ಅವಳಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಸಾವಿರ ಬೆರಳು ಹಿಡಿದರೂ ಒಂದರಂತೆ ಇನ್ನೊಂದಿಲ್ಲ ಎನ್ನುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದನ್ನು ಹೇಳಿದರೆ ಹೆಂಗಸರು ಹೌದೇನು ಎಂದು ಸುಮ್ಮನಾಗುತ್ತಿದ್ದರು. ಇದ್ದದ್ದರ ಬಗ್ಗೆ ಯಾರಿಗೂ ಬೆರಗಿಲ್ಲ, ಇಲ್ಲದ್ದನ್ನು ಕೇಳಲು ಮಾತ್ರ ಸಾಲುಗಟ್ಟುತ್ತಾರೆ.

ಹೀಗೆ ಹದಿನಾಲ್ಕು ವರ್ಷ ಕಳೆದವು. ಯುನುಸ ಇದ್ದಾಗಿನ ಸಾಹೇಬರು ಹೋಗಿ ಇಬ್ಬರು ಬದಲಾದರು. ಶಮೀಮಳ ಮದುವೆಯಾಗಿ ಅವಳು ಔರಾದಿಗೆ ಹೋದಳು. ಭಾಲ್ಕಿಯಿಂದ ಬೀದರಿಗೆ ಬಾಡಿಗೆಯ ಮೋಟಾರು ಓಡಾಡತೊಡಗಿತು. ಆ ವರ್ಷದ ಫಾಲ್ಗುಣದಲ್ಲಿ, ಕಡಲೆಯ ಸುಗ್ಗಿ ಮುಗಿಯುತ್ತಿದ್ದ ಹೊತ್ತಿಗೆ, ಭಾಲ್ಕಿಯ ದೌರಾದಲ್ಲಿ ಅನುಸೂಯಾಬಾಯಿ ಬಂದಳು.

ಅನುಸೂಯಾಬಾಯಿ ಸಾಯಗಾಂವದವಳು. ಅರವತ್ತರ ಹತ್ತಿರದ, ಒಣಗಿದ ಮೈಯ, ಕೊರಳಲ್ಲಿ ಲಿಂಗ ಕಟ್ಟಿದ ವಿಧವೆ. ಗಂಡ ಸಾಯುವ ಮುಂಚೆ ಬಾವಿಯ ಹೊಲವೊಂದನ್ನು ಅವಳ ಹೆಸರಿಗೆ ಬರೆದಿದ್ದ. ಆ ಕಾಗದಕ್ಕೆ ಅವಳ ಹೆಬ್ಬೆಟ್ಟು ಬಿದ್ದದ್ದು ಇಪ್ಪತ್ತೊಂಬತ್ತನೆಯ ಫಸಲಿಯಲ್ಲಿ. ಅಂದಿನಿಂದ ಭಾವನ ಮಗ ವೈಜಿನಾಥ ಆ ಹೊಲ ಉಳುತ್ತಿದ್ದ. ಅವಳು ಅವನ ಮನೆಯಲ್ಲಿದ್ದು, ಬೆಳಗ್ಗೆ ರೊಟ್ಟಿ ಬಡಿದು, ಹೊತ್ತು ಮುಳುಗುವ ತನಕ ಅದೇ ಹೊಲದಲ್ಲಿ ದುಡಿಯುತ್ತಿದ್ದಳು. ಈಗ ಮೆಹಕರದಲ್ಲಿದ್ದ ಮಗಳ ಗಂಡ ತೀರಿಕೊಂಡಿದ್ದ. ಹೊಲವನ್ನು ಮಗಳ ಹೆಸರಿಗೆ ದಾನ ಬರೆಯಬೇಕೆಂದು ಅನುಸೂಯಾಬಾಯಿ ಬಂದಿದ್ದಳು. ವೈಜಿನಾಥ ಇಲ್ಲವೆನ್ನಲಿಲ್ಲ. ತನ್ನ ಬಂಡಿಯಲ್ಲೇ ಅವಳನ್ನು ಕರೆತಂದ. ಒಂದು ಅರ್ಜಿಯನ್ನು ಮಾತ್ರ ಮೊದಲೇ ಕೊಟ್ಟಿದ್ದ. ಹಳೆಯ ವಹಿಯ ಹೆಬ್ಬೆಟ್ಟಿಗೆ ಈಗಿನದ್ದನ್ನು ತಾಳೆ ನೋಡಬೇಕು ಎಂಬುದು ಅದರ ಒಕ್ಕಣೆ.

ಅಕ್ತರಬೀ ಅವಳ ಕೈ ಹಿಡಿದಾಗಲೇ ಅನುಮಾನಪಟ್ಟಳು. ಕಡಲೆ ಗಿಡದ ಎಲೆ ಹುಳಿ ಬಿಡುತ್ತದೆ. ಇಬ್ಬನಿ ಆರುವ ಮುಂಚೆ ಬರಿಗೈಯಲ್ಲಿ ಕಿತ್ತವರ ಅಂಗೈ ಸುಟ್ಟಂತಾಗುತ್ತದೆ. ಅದರ ಮೇಲೆ ಕುಸುಬೆಯ ಮುಳ್ಳು, ಬೀಸುವ ಕಲ್ಲು, ನೆಲ ಸಾರಿಸುವ ಸುಣ್ಣ. ಹೆಬ್ಬೆರಳು ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಒತ್ತಿದಾಗ ಕಾಗದದ ಮೇಲೆ ಒಂದು ಕಪ್ಪು ಕಲೆ ಬಿತ್ತು, ಗೆರೆಯೇ ಇಲ್ಲ. ತೊಳೆದು ಒರೆಸಿ ಎರಡನೆಯ ಸಲ ಒತ್ತಿಸಿದಳು. ಮಸಿ ಕಡಿಮೆ ಮಾಡಿ ಮೂರನೆಯ ಸಲ. ಸಾಹೇಬರು ಭೂತಗನ್ನಡಿ ಹಿಡಿದು ಹಳೆಯ ವಹಿಯನ್ನು ನೋಡಿದರು. ಅಲ್ಲಿ ಸುತ್ತುಸುತ್ತಾದ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಇಲ್ಲಿ ಬರೀ ಕಪ್ಪು.

ಈಕೆ ಅನುಸೂಯಾಬಾಯಿಯೇ ಹೌದೇ ಎಂದು ಸಾಹೇಬರು ವೈಜಿನಾಥನನ್ನು ಕೇಳಿದರು. ಅವನು ಕೈ ಮುಗಿದ.

"ನಾ ಹೌದಂತನೂ ಹೇಳೂದಿಲ್ಲ, ಅಲ್ಲಂತನೂ ಹೇಳೂದಿಲ್ರಿ ಸಾಹೇಬ್ರ. ಕಾಗದ ಏನು ಹೇಳ್ತದ, ಅದಕ್ಕ ನಾ ಕಬೂಲ್ ಅದೀನಿ."

ಊರಿನ ಪಾಟೀಲನೂ ಅವನ ಮಾತನ್ನೇ ಹೇಳಿದ. ಸಾಕ್ಷಿಗೆ ಬಂದ ಇನ್ನಿಬ್ಬರೂ ಅದನ್ನೇ ಹೇಳಿದರು. ಒಬ್ಬನೂ ಸುಳ್ಳಾಡಲಿಲ್ಲ. ಅನುಸೂಯಾಬಾಯಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಅವರು ಕಾಗದವನ್ನು ನೋಡುತ್ತಿದ್ದರು.

ಪರದೆಯ ಬಳಿ ನಿಂತಿದ್ದ ಅಕ್ತರಬೀ ಕೇಳದೆ ಬಾಯಿ ಹಾಕಿದಳು. ಈಕೆಯ ಬೆರಳನ್ನು ಆಗ ಹಿಡಿದವಳು ನಾನೇ ಎಂದಳು. ನೌಕರಿಗೆ ಸೇರಿದ ಮೊದಲ ತಿಂಗಳು, ಕೈ ನಡುಗಿ ಈಕೆಯ ಸೀರೆಯ ಮೇಲೆ ಮಸಿ ಚೆಲ್ಲಿದ್ದೆ, ಕರಿ ಸೀರೆಗೆ ಕರಿ ಮಸಿ ಕಾಣುವುದಿಲ್ಲ ಬಿಡು ಎಂದು ಈಕೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ ಎಂದಳು. ಸಾಹೇಬರು ಒಳ್ಳೆಯ ಮನುಷ್ಯರು, ಸಿಟ್ಟು ಮಾಡಲಿಲ್ಲ. ನಿನ್ನ ಮಾತನ್ನು ನಾನು ನಂಬುತ್ತೇನೆ ಬೀ, ಆದರೆ ನಂಬಿದ್ದೇನೆ ಎಂದು ಬರೆಯಲು ಈ ವಹಿಯಲ್ಲಿ ಜಾಗವಿಲ್ಲ ಎಂದರು. ಮಳೆಗಾಲಕ್ಕೆ ಮುಂಚಿನ ದೌರಾದಲ್ಲಿ ಮತ್ತೊಮ್ಮೆ ನೋಡೋಣ, ಆಗಲೂ ತಾಳೆಯಾಗದಿದ್ದರೆ ಕಾಗದ ವಾಪಸು ಎಂದು ತೀರ್ಮಾನ ಕೊಟ್ಟು ಮುಂದಿನವರನ್ನು ಕರೆದರು.

ಸ್ವಲ್ಪ ಹೊತ್ತಿನ ಮೇಲೆ ಅಕ್ತರಬೀ ಕೈ ತೊಳೆಯಲು ಹೊರಗೆ ಬಂದಾಗ, ಬೇವಿನ ಮರದ ಕೆಳಗೆ ಅನುಸೂಯಾಬಾಯಿ ರೊಟ್ಟಿಯ ಗಂಟು ಬಿಚ್ಚಿದ್ದಳು. ಎರಡು ರೊಟ್ಟಿ, ಖಾರದ ಹಿಂಡಿ, ಒಂದು ಉಳ್ಳಾಗಡ್ಡಿಯನ್ನು ವೈಜಿನಾಥನ ಕೈಗೆ ಕೊಟ್ಟಳು. ಅವನು ಕೂತು ಉಂಡ. ಉಂಡು ಎತ್ತುಗಳಿಗೆ ನೀರು ಕುಡಿಸಲು ಹೋದ. ಅಕ್ತರಬೀ ಅವಳ ಪಕ್ಕಕ್ಕೆ ಹೋಗಿ ಕುಕ್ಕರಿಸಿದಳು.

"ಅಕ್ಕಾ, ಬಾಣಂತ್ಯಾರ ಕೈ ನಾ ಭಾಳ ನೋಡೀನಿ. ಎಂಥಾ ದುಡಿಯೂ ಹೆಣ್ಣು ಇದ್ರೂ ನಲವತ್ತು ದಿನ ಮಲಗಿ ಎದ್ದಮ್ಯಾಲ ಗೆರಿ ಮೂಡಿರ್ತಾವ. ಹೋಗಿದ್ದು ಮತ್ತ ಬರ್ತಾವ. ಕೈ ಸುಮ್ಮನ ಇಡಬೇಕು, ಅಷ್ಟೇ."

"ಸುಮ್ಮನ ಎಲ್ಲಿ ಇಡ್ಲೆವ್ವ ಕೈ?" ಎಂದಳು ಅನುಸೂಯಾಬಾಯಿ.

ಅವಳು ಹಾಸ್ಯ ಮಾಡಿರಲಿಲ್ಲ. ಸಾಯಗಾಂವದ ಮನೆಯಲ್ಲಿ ಕೈ ಕಟ್ಟಿ ಕೂರುವಂತಿಲ್ಲ. ಮೆಹಕರದ ಮಗಳ ಮನೆಯಲ್ಲಿ ಎರಡು ಕೂಸು, ಒಂದು ಎಮ್ಮೆ. ಮಗಳು ಕೂಲಿಗೆ ಹೋದರೆ ನೋಡುವವರಿಲ್ಲ, ಅಲ್ಲಿ ಹೋಗಿ ಯಾವ ತಾಯಿ ಸುಮ್ಮನೆ ಕೂತಾಳು? ಅಕ್ತರಬೀಗೆ ಇದೆಲ್ಲ ಕೇಳುತ್ತಲೇ ಆಯಾಸವಾಯಿತು. "ಹಂಗಾದ್ರ ನನ್ನ ಮನಿಗಿ ಬಾ" ಎಂದಳು. ಯಾಕೆ ಹಾಗೆಂದೆ ಎಂದು ಆಮೇಲೆ ಬಂಡಿಯಲ್ಲಿ ಬೀದರಿನ ತನಕ ಯೋಚಿಸಿದಳು, ಕಾರಣ ಹೊಳೆಯಲಿಲ್ಲ. ಬರಲಿಕ್ಕಿಲ್ಲ ಬಿಡು ಎಂದು ಸಮಾಧಾನ ಮಾಡಿಕೊಂಡಳು. ಐದನೆಯ ದಿನ ಮೋಟಾರಿನಿಂದ ಇಳಿದು, ದಾರಿಯುದ್ದಕ್ಕೂ ಹೆಬ್ಬೆಟ್ಟಿನ ಬೀ ಎಲ್ಲಿ ಎಂದು ಕೇಳುತ್ತ ಅನುಸೂಯಾಬಾಯಿ ಬಂದು ಬಾಗಿಲಲ್ಲಿ ನಿಂತಳು. ತೀರ್ಥಯಾತ್ರೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದಳಂತೆ.

ಮೊದಲ ತೊಡಕು ಊಟದ್ದು. ಅವಳು ಅಕ್ತರಬೀಯ ಒಲೆಯದ್ದನ್ನು ಉಣ್ಣುವಂತಿಲ್ಲ, ತಾನೇ ಬೇಯಿಸಿಕೊಂಡರೆ ಬಂದ ಉದ್ದೇಶವೇ ಕೆಟ್ಟಿತು. ಗಲ್ಲಿಯ ಬಾಯಲ್ಲಿ ಬಳೆಯ ಅಂಗಡಿಯ ಶಾಂತಾಬಾಯಿ ಎಂಬ ಲಿಂಗಾಯತ ಹೆಣ್ಣುಮಗಳಿದ್ದಳು. ಅಕ್ತರಬೀ ಹೋಗಿ ಕೇಳಿಕೊಂಡಾಗ ಅವಳು ಎರಡು ಹೊತ್ತು ರೊಟ್ಟಿ ಪಲ್ಯ ಕಳಿಸಲು ಒಪ್ಪಿದಳು. ಹನ್ನೆರಡು ದಿನ ತಟ್ಟೆ ಹೋಗಿ ಬಂತು. ಹದಿಮೂರನೆಯ ದಿನ ಬರಲಿಲ್ಲ. ಆ ಮನೆಗೆ ಹೋದ ತಟ್ಟೆ ನಮ್ಮ ಒಲೆಯ ಹತ್ತಿರ ವಾಪಸು ಬರಬಾರದು ಎಂದು ಶಾಂತಾಬಾಯಿಯ ಅತ್ತೆ ತಗಾದೆ ತೆಗೆದಿದ್ದಳು. ಅನುಸೂಯಾಬಾಯಿ ಆ ದಿನವನ್ನು ಹುರಿಗಡಲೆ ಬೆಲ್ಲ ತಿಂದು ಕಳೆದಳು. ಮರುದಿನ ಬೆಳಗ್ಗೆ ಸ್ನಾನ ಮಾಡಿ, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ ಅಕ್ತರಬೀಯನ್ನು ಕರೆದಳು.

"ಹೊಸಾ ಮಡಕಿ ಒಂದು ತಾ. ಅದ್ರಾಗ ಮಾಂಸ ಬೇಯಿಸಬ್ಯಾಡ. ಅಷ್ಟು ಸಾಕು."

"ನಾಳಿ ನಿಮ್ಮ ಮಂದಿ ಕೇಳಿದ್ರ?"

"ಲಿಂಗಕ್ಕ ತೋರ್ಸಿ ಉಣ್ತೇನಿ. ತೋರ್ಸಿದ ಮ್ಯಾಲ ಅದು ಪ್ರಸಾದ. ಪ್ರಸಾದ ಯಾರ ಒಲಿ ಮ್ಯಾಲ ಬೆಂತು ಅಂತ ಕೇಳ್ತಾರೇನು? ನನ್ನ ಮಾತು ಬಿಡು. ಕಚೇರಿಂದ ದಣದು ಬಂದು ನಿನಗ ಬೇಯಿಸೂದು ಆಗ್ತದೇನು?"

ಆಗುವುದಿಲ್ಲ ಎಂದು ಹೇಳಲು ಅಕ್ತರಬೀಗೆ ಬಾಯಿ ಬರಲಿಲ್ಲ. ಅಂದಿನಿಂದ ಅವಳೂ ಮನೆಯಲ್ಲಿ ಮಾಂಸ ಬಿಟ್ಟಳು. ಎರಡು ಬಗೆ ಅಡುಗೆ ಮಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ಊಟಕ್ಕಿಂತ ದೊಡ್ಡ ತೊಡಕು ಆ ಕೈಗಳದ್ದು. ಅಕ್ತರಬೀ ಬೆಳಗ್ಗೆ ಎಳ್ಳೆಣ್ಣೆ ಸವರಿ ಎಡಗೈ ಹೆಬ್ಬೆರಳಿಗೆ ಹಳೆಯ ಮಲಮಲ್ ಬಟ್ಟೆ ಸುತ್ತಿ ಕಚೇರಿಗೆ ಹೋಗುತ್ತಿದ್ದಳು. ಸಂಜೆ ಬಂದಾಗ ಬಟ್ಟೆ ಕೊಳೆಯಾಗಿರುತ್ತಿತ್ತು. ಅಕ್ಕಿ ಆರಿಸಿದ್ದೆ, ಅಷ್ಟೇ ಎನ್ನುವಳು. ಅಂಗಳ ಗುಡಿಸಿದ್ದೆ, ಬಲಗೈಯಿಂದಲೇ ಎನ್ನುವಳು. ಇಪ್ಪತ್ತನೆಯ ದಿನ ಅಕ್ತರಬೀ ಮಧ್ಯಾಹ್ನವೇ ಮನೆಗೆ ಬಂದಳು. ಅನುಸೂಯಾಬಾಯಿ ಬಚ್ಚಲಲ್ಲಿ ಕೂತು, ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು. ಅಕ್ತರಬೀಗೆ ಅಳು ಬಂತು. ಸಿಟ್ಟಿನ ಅಳು.

"ನಾ ಇಲ್ಲಿ ನಿನ್ನ ಸಲುವಾಗಿ ಸಾಯ್ಲಿಕತ್ತೀನಿ. ನೀ ಇಪ್ಪತ್ತು ದಿನದ್ದು ಒಂದು ತಾಸಿನಾಗ ತಿಕ್ಕಿ ಹಾಕ್ದಿ. ನಿನಗ ಹೊಲಾ ಬೇಕೋ ಬ್ಯಾಡೋ ಹೇಳಿಬಿಡು, ನಾನೂ ಮಲಗ್ತೇನಿ."

ಅನುಸೂಯಾಬಾಯಿ ಕೈ ತೊಳೆದುಕೊಂಡು ಬಂದು ಗೋಡೆಗೆ ಒರಗಿದಳು.

"ಕೈ ಖಾಲಿ ಆತಂದ್ರ ತಲಿ ತುಂಬ್ತದ ತಂಗಿ. ಜ್ವರದ ವರ್ಷ ನನ್ನ ಎರಡು ಗಂಡು ಹುಡುಗರು ಒಂದೇ ವಾರದಾಗ ಹೋದ್ರು. ಮೂರನೇ ದಿನಕ್ಕ ನಾ ಹೊಲಕ್ಕ ಹೋದೆ. ಆವತ್ತಿಂದ ಕೂತೇ ಇಲ್ಲ. ಇಲ್ಲಿ ನಿನ್ನ ಕಟ್ಟಿ ಮ್ಯಾಲ ಕೂತ್ರ ಇಬ್ಬರೂ ಬಂದು ಮುಂದ ನಿಂದ್ರತಾರ. ನಾ ಏನು ಮಾಡ್ಲಿ?"

ಯುನುಸ ಹೋದದ್ದೂ ಅದೇ ಜ್ವರದಲ್ಲಿ. ಅಕ್ತರಬೀ ಎಣ್ಣೆಯ ಬಟ್ಟಲು ತಂದು ಆ ಬೆರಳಿಗೆ ಮತ್ತೆ ಸವರಿ, ಹೊಸ ಬಟ್ಟೆ ಸುತ್ತಿ ಕಟ್ಟಿದಳು. ಅಂದಿನಿಂದ ಸಂಜೆ ಕಚೇರಿಯಿಂದ ಬಂದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂರತೊಡಗಿದರು. ಅನುಸೂಯಾಬಾಯಿ ಹುಡುಗರ ಸುದ್ದಿ ಹೇಳುವಳು. ಹಿರಿಯವನು ಎತ್ತಿನ ಕೊಂಬಿಗೆ ಹೆದರುತ್ತಿದ್ದನಂತೆ, ಕಿರಿಯವನು ಮಣ್ಣು ತಿನ್ನುತ್ತಿದ್ದನಂತೆ. ಅಕ್ತರಬೀಗೆ ಕಣ್ಣು ಎಳೆಯುತ್ತಿದ್ದರೂ ಹೂಂಗುಡುವಳು.

ಹಗಲು ಕಟ್ಟೆಯ ಮೇಲೆ ಒಬ್ಬಳೇ ಕೂತು ಅನುಸೂಯಾಬಾಯಿ ಶಹರವನ್ನು ನೋಡಿದಳು. ಅವಳಿಗೂ ಪ್ರಶ್ನೆಗಳು ಹುಟ್ಟಿದವು. ಇಲ್ಲಿಯ ಜನ ಎದುರಿಗೆ ಬಂದವರ ಮುಖವನ್ನು ಯಾಕೆ ನೋಡುವುದಿಲ್ಲ? ಪಕ್ಕದ ಮನೆಯಲ್ಲಿ ಕೂಸು ಅತ್ತರೆ ಯಾಕೆ ಯಾರೂ ಇಣುಕುವುದಿಲ್ಲ? ಸಾಯಗಾಂವದಲ್ಲಿ ಪರ ಊರಿನವರು ಬಾವಿಯ ತನಕ ಹೋಗುವಷ್ಟರಲ್ಲಿ ಹತ್ತು ಮಂದಿ ಯಾರ ಪೈಕಿ ಎಂದು ಕೇಳಿರುತ್ತಾರೆ. ಇಲ್ಲಿ ತಾನು ಬಂದು ತಿಂಗಳಾಯಿತು, ಎದುರು ಮನೆಯವರೂ ಕೇಳಿಲ್ಲ. ಅಕ್ತರಬೀ ಇದಕ್ಕೆ ಉತ್ತರ ಹುಡುಕಲಿಲ್ಲ. ಎಲ್ಲರಿಗೂ ದಣಿವಿರುತ್ತದೆ ಎಂದಷ್ಟೇ ಹೇಳಿದಳು. ಅನುಸೂಯಾಬಾಯಿ ತಲೆಯಾಡಿಸಿ, "ಇಲ್ಲಿ ನಾ ಯಾರಂತ ಯಾರಿಗೂ ಗೊತ್ತಿಲ್ಲ, ಛಂದ ಅನಸ್ತದ. ಅಲ್ಲಿ ಎಲ್ಲಾರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ ನೋಡು" ಎಂದಳು.

ಎದುರು ಮನೆಯವರು ಕೇಳದಿದ್ದರೂ ಗಮನಿಸದೆ ಇರಲಿಲ್ಲ. ಹೆಬ್ಬೆಟ್ಟಿನ ಬೀ ಒಬ್ಬ ಮುದುಕಿಯನ್ನು ಮನೆಯಲ್ಲಿ ಕೂರಿಸಿ, ಬೆರಳಿಗೆ ಏನೋ ಹಚ್ಚಿ ಕಟ್ಟಿ, ಹೊಸ ಹಣೆಬರಹ ಬೆಳೆಸುತ್ತಿದ್ದಾಳೆ ಎಂಬ ಸುದ್ದಿ ಹಬ್ಬಿತು. ಶುಕ್ರವಾರದ ನಾಲ್ಕಾರು ಹೆಂಗಸರು ಇಪ್ಪತ್ತಾದರು. ಕೋಟೆಯ ಕಡೆಯಿಂದ ಬುರ್ಖಾದವರು ಬಂದರು, ಶಾಂತಾಬಾಯಿಯ ಅತ್ತೆಯೂ ಬಂದಳು. ನನ್ನ ಹಳೆಯ ಗೆರೆ ಅಳಿಸಿ ಹೊಸದು ಮೂಡಿಸಿ ಕೊಡು ಎಂದು ಕೇಳಿದರು. ಇದು ಎಳ್ಳೆಣ್ಣೆ, ಕೈಗೆ ಬಿಡುವು ಸಿಕ್ಕರೆ ಚರ್ಮ ತಾನಾಗಿ ಬೆಳೆಯುತ್ತದೆ ಎಂದು ಅಕ್ತರಬೀ ಗಂಟಲು ಕಟ್ಟುವ ತನಕ ಹೇಳಿದಳು. ಅವರು ಹೋಗಿ ಎಳ್ಳೆಣ್ಣೆ ಕೊಂಡರು. ಬಿಡುವಿನ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಬಿದ್ದಿದ್ದರೂ ಅದನ್ನು ಎಲ್ಲಿ ಕೊಳ್ಳಬೇಕಿತ್ತು ಅವರು.

ಮೂವತ್ತನೆಯ ದಿನ ಅಕ್ತರಬೀ ಕಚೇರಿಯ ರದ್ದಿ ಕಾಗದವೊಂದರ ಹಿಂಬದಿಯಲ್ಲಿ ಬೆರಳು ಒತ್ತಿಸಿ ನೋಡಿದಳು. ಅಂಚಿನಲ್ಲಿ ಕೂದಲಿನಷ್ಟು ಸಣ್ಣ ನಾಲ್ಕು ಗೆರೆ ಕಂಡವು. ನಲವತ್ತನೆಯ ದಿನಕ್ಕೂ ಗೆರೆ ಸಾಲಲಿಲ್ಲ. ಇನ್ನೂ ಇಪ್ಪತ್ತು ದಿನ ಕಾದರು. ಯುಗಾದಿ ಬಂದು ಹೋಯಿತು. ಅರವತ್ತನೆಯ ದಿನ ಸುತ್ತುಗಳು ಪೂರ್ತಿ ಮೂಡಿದವು. ಅಕ್ತರಬೀ ಕಾಗದವನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅನುಸೂಯಾಬಾಯಿ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದಳು. "ಇದು ನಂದಾ?" ಎಂದು ಕೇಳಿದಳು. ಅರವತ್ತು ವರ್ಷ ಜೊತೆಗಿದ್ದರೂ ಅದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಭಾಲ್ಕಿಯ ದೌರಾದ ದಿನ ಮಾತು ಹೆಚ್ಚು ಬೆಳೆಯಲಿಲ್ಲ. ಅಕ್ತರಬೀ ಮಸಿ ಹರಡಿ ಬೆರಳು ಒತ್ತಿಸಿದಳು. ಸಾಹೇಬರು ಭೂತಗನ್ನಡಿಯಲ್ಲಿ ಹಳೆಯದನ್ನೂ ಹೊಸದನ್ನೂ ಒಂದರ ಪಕ್ಕ ಒಂದು ಇಟ್ಟು ಬಹಳ ಹೊತ್ತು ನೋಡಿದರು. ಕೂಡುತ್ತದೆ ಎಂದರು. ವೈಜಿನಾಥ ಮುಂದೆ ಬಂದು ಅನುಸೂಯಾಬಾಯಿಯ ಕಾಲಿಗೆ ಬಿದ್ದ.

"ಇವ್ರು ನಮ್ಮ ಕಾಕೀನೇ ಹೌದ್ರಿ ಸಾಹೇಬ್ರ. ನಾ ಯಾವಾಗ ಅಲ್ಲ ಅಂದೀನ್ರಿ?"

ಅವನ ದನಿಯಲ್ಲಿ ನಾಟಕವಿರಲಿಲ್ಲ ಎನ್ನುವುದೇ ಅಕ್ತರಬೀಗೆ ಆಶ್ಚರ್ಯ. ಅವನಿಗೆ ನಿಜವಾಗಿಯೂ ಹಗುರಾದಂತಿತ್ತು. ಹೊಲ ಮಗಳ ಹೆಸರಿಗಾಯಿತು. ವೈಜಿನಾಥ ಬಂಡಿಯಲ್ಲಿ ಹುಲ್ಲು ಹಾಸಿ ಕಾಕಿಯನ್ನು ಕೂರಿಸಿಕೊಂಡು ಹೋದ. ಅನುಸೂಯಾಬಾಯಿ ಹೋಗುವಾಗ ಅಕ್ತರಬೀಯ ಎರಡೂ ಕೈ ಹಿಡಿದು, ಮಸಿ ಹತ್ತಿದ ಬೆರಳುಗಳನ್ನು ತನ್ನ ಸೆರಗಿನಿಂದ ಒರೆಸಿ, "ಮಲ್ಕೊ ತಂಗಿ, ಇನ್ನ ಮಲ್ಕೊ" ಎಂದಳು.

ಮಲಗುವುದಕ್ಕೆ ಹೊತ್ತೂ ಸಿಕ್ಕಿತು. ಎರಡು ವಾರದ ಮೇಲೆ ಕಚೇರಿಗೆ ಒಂದು ಹೆಸರಿಲ್ಲದ ಅರ್ಜಿ ಬಂತು. ಅಕ್ತರಬೀ ಎಂಬ ನೌಕರಳು ಮಾಟದ ಔಷಧ ಹಚ್ಚಿ ಹೆಬ್ಬೆಟ್ಟು ತಿದ್ದುತ್ತಾಳೆ, ಕಾಗದ ಮಾಡಿಸಲು ಬಂದವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾಳೆ ಎಂದು ಅದರಲ್ಲಿತ್ತು. ಏನು ಹಚ್ಚಿದೆ ಎಂದು ಸಾಹೇಬರು ಕೇಳಿದರು. ಎಳ್ಳೆಣ್ಣೆ ಎಂದಳು. ಮನೆಯಲ್ಲಿ ಇಟ್ಟುಕೊಂಡದ್ದು ಹೌದೇ? ಹೌದು. ಸಾಹೇಬರು ಎರಡನ್ನೂ ಬರೆದುಕೊಂಡರು. ಮೇಲಿನಿಂದ ಜವಾಬು ಬರುವ ತನಕ ಅವಳು ಕಚೇರಿಗೆ ಬರುವಂತಿಲ್ಲವೆಂದಾಯಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅಕ್ತರಬೀ ಹಗಲು ಹೊತ್ತು ಮಲಗಿದಳು. ಮೊದಲ ಎರಡು ದಿನ ಚೆನ್ನಾಗಿ ನಿದ್ದೆ ಬಂತು, ಮೂರನೆಯ ದಿನದಿಂದ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಜವಾಬು ಬಂತು. ಎಚ್ಚರಿಕೆ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಅದರಲ್ಲಿತ್ತು. ಶುಕ್ರವಾರದ ಹೆಂಗಸರು ಮಾತ್ರ ಆ ಅರ್ಜಿಯ ಸುದ್ದಿ ಕೇಳಿ ಇನ್ನಷ್ಟು ಹೆಚ್ಚಿದರು. ಸರ್ಕಾರವೇ ಹೆದರಿದೆ ಎಂದರೆ ವಿದ್ಯೆ ಖರೆಯೇ ಇರಬೇಕು ಎಂದು ಅವರ ಲೆಕ್ಕ.

ಮರುವರ್ಷ ಅದೇ ಕಡಲೆಯ ಸುಗ್ಗಿಯ ಹೊತ್ತಿಗೆ ಭಾಲ್ಕಿಯ ದೌರಾದಲ್ಲಿ ವೈಜಿನಾಥನ ಹೆಂಡತಿ ಸುಂದರಬಾಯಿ ತನ್ನ ತವರಿನ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದಳು. ಪರದೆಯ ಹಿಂದೆ ಕೂತು ತಾನು ಯಾರ ಮನೆಯವಳು ಎಂದು ಹೇಳಿದಾಗ ಅಕ್ತರಬೀ ಅನುಸೂಯಾಬಾಯಿ ಹೇಗಿದ್ದಾಳೆ ಎಂದು ಕೇಳಿದಳು. ಮೆಹಕರದಲ್ಲಿ ಮಗಳ ಮನೆಯ ಜಗಲಿಯಲ್ಲಿ ಮೊಮ್ಮಕ್ಕಳ ಜೊತೆ ಕೂತ ಅನುಸೂಯಾಬಾಯಿಯನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲಿ ಕಂಡಿದ್ದಳು.

"ಕಾಕಿ ನಮ್ಮ ಮನ್ಯಾಗೇ ಅದಾರ‍್ರಿ" ಎಂದಳು ಸುಂದರಬಾಯಿ. "ಇವತ್ತು ಕಡ್ಲಿ ಕೀಳ್ಳಿಕ್ಕ ಹೋಗ್ಯಾರ. ಮಗಳು ಹೊಲಾ ನಮ್ಮ ಮನಿಯವ್ರಿಗೇ ಪಾಲಿಗಿ ಹಚ್ಚ್ಯಾಳ್ರಿ. ಆಕಿಗಿ ಅಷ್ಟು ದೂರ ಬಂದು ಮಾಡ್ಲಿಕ್ಕ ಎಲ್ಲಿ ಆಗ್ತದ?"

"ವೈಜಿನಾಥಗ ಏನೂ ಅನ್ನಲಿಲ್ಲೇನು ಅನುಸೂಯಾಬಾಯಿ?"

"ಏನು ಅನ್ನೂದ್ರಿ? ಅದು ಅವ್ರ ಮನಿ ಅಲ್ಲೇನ್ರಿ."

ಅಕ್ತರಬೀ ಅವಳ ಬೆರಳನ್ನು ತಗಡಿನ ಮೇಲೆ ಹೊರಳಿಸಿ ಕಾಗದಕ್ಕೆ ಒತ್ತಿದಳು. ಸಿಟ್ಟು ಬಂದೀತೇನೋ ಎಂದು ಒಂದು ಗಳಿಗೆ ಕಾದಳು, ಬರಲಿಲ್ಲ. ಅರವತ್ತು ದಿನ ಕಟ್ಟಿ ಕಾದ ಬೆರಳು ಈ ಹೊತ್ತಿಗೆ ಕಡಲೆಯ ಹುಳಿಯಲ್ಲಿ ಮತ್ತೆ ನುಣ್ಣಗಾಗಿರುತ್ತದೆ. ಹೊಲ ಮಗಳ ಹೆಸರಿನಲ್ಲಿದೆ, ಪಾಲು ಮೆಹಕರಕ್ಕೆ ಹೋಗುತ್ತದೆ, ಮುದುಕಿ ತನಗೆ ಗೊತ್ತಿದ್ದ ಮನೆಯಲ್ಲಿ ತನಗೆ ಗೊತ್ತಿದ್ದ ಕೆಲಸ ಮಾಡುತ್ತಿದ್ದಾಳೆ. ಇದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಲು ಹೋದರೆ ಕೈಗೆ ಏನೂ ಸಿಗಲಿಲ್ಲ. ಆದರೂ ಬೀದರಿಗೆ ಬಂದ ಮೇಲೆ ಅವಳು ಸಾಹೇಬರ ಮುಂದೆ ನಿಂತು, ಇನ್ನು ಮೇಲೆ ದೌರಾಕ್ಕೆ ಬರಲಾರೆ, ಮೈಯಲ್ಲಿ ಆಗುವುದಿಲ್ಲ ಎಂದು ಹೇಳಿದಳು. ಸಾಹೇಬರು ಒಪ್ಪಿದರು.

ದೌರಾದ ಕೆಲಸಕ್ಕೆ ಜಾಹೇದಾ ಎಂಬ ಇನ್ನೊಬ್ಬ ವಿಧವೆಯನ್ನು ತೆಗೆದುಕೊಂಡರು. ಅಕ್ತರಬೀ ಎರಡು ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ಮಸಿ ತೆಳ್ಳಗಿರಬೇಕು, ಬೆರಳು ಹಿಡಿಯಬಾರದು, ಮಣಿಕಟ್ಟು ಹಿಡಿಯಬೇಕು, ನಡುಗುವ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಹೆಂಗಸರು ಹಣೆಬರಹ ಕೇಳಿದರೆ ಏನು ಹೇಳಬೇಕು ಎಂದು ಜಾಹೇದಾ ಕೇಳಿದಳು. ಇಲ್ಲ ಎಂದರೆ ನಂಬುವುದಿಲ್ಲ, ಹೌದು ಎಂದರೆ ಮನೆಗೆ ಬರುತ್ತಾರೆ, ಅದಕ್ಕೆ ಮೊದಲು ಕುಡಿಯಲು ನೀರು ಕೊಡು, ಕೂತು ಸುಧಾರಿಸಿಕೊಳ್ಳಲಿ ಎಂದಳು ಅಕ್ತರಬೀ.

ಬೀದರಿನ ಕಚೇರಿಯಲ್ಲಿ ಅವಳು ಇನ್ನೂ ನಾಲ್ಕು ವರ್ಷ ಇದ್ದಳು. ಕಣ್ಣು ಮಂಜಾದ ಮೇಲೆ ಶಮೀಮ ಬಂದು ಔರಾದಿಗೆ ಕರೆದುಕೊಂಡು ಹೋದಳು. ಹೊರಡುವ ದಿನ ಗಲ್ಲಿಯ ಹೆಂಗಸರು ಬಂಡಿಯ ತನಕ ಬಂದರು. ಶಾಂತಾಬಾಯಿ ಬುತ್ತಿ ಕಟ್ಟಿ ಕೊಟ್ಟಳು. ಊರ ಬಾಗಿಲು ದಾಟುವ ಮುಂಚೆಯೇ ಅಕ್ತರಬೀಗೆ ನಿದ್ದೆ ಹತ್ತಿತು. ಮಾಂಜ್ರಾ ದಾಟುವಾಗ ಎಬ್ಬಿಸಬೇಕೇನೋ ಎಂದು ಬಂಡಿಯವನು ಕೇಳಿದನಂತೆ. ಮಲಗಲಿ ಬಿಡು ಎಂದಳಂತೆ ಶಮೀಮ.